ಬಳಗದವರು ಹೆಸರಿಟ್ಟ ಐದು ಕಾಯಗಳು

ನಮ್ಮೂರಿನಲ್ಲಿ ಎಪ್ಪತ್ತು ಅಡಿ ದಾಟಿದ ಯಾವುದೂ ಕೆಳಗೆ ಬರುವುದಿಲ್ಲ. ಹಳೇ ನೂಲಿನ ಮಿಲ್ಲಿನ ಚಿಮಣಿಯ ತುದಿಗೆ ಸರಿಯಾಗಿ ಆ ಗೆರೆ ಇದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಊರಿನ ಎಳೆ ಮಕ್ಕಳಿಗೂ ಗೊತ್ತು. ಗೆರೆಯ ಕೆಳಗೆ ಕಲ್ಲು ಎಲ್ಲ ಊರಿನ ಕಲ್ಲಿನ ಹಾಗೆ ಬೀಳುತ್ತದೆ. ಗೆರೆ ದಾಟಿತೋ, ಅಷ್ಟೇ ಭಾರದಿಂದ ಮೇಲಕ್ಕೆ ಬೀಳುತ್ತದೆ. ಅದಕ್ಕೇ ನಮ್ಮಲ್ಲಿ ನಾಲ್ಕನೇ ಅಂತಸ್ತು ಕಟ್ಟಲು ಯಾರೂ ಕೈಹಾಕುವುದಿಲ್ಲ. ತೆಂಗು ಅರವತ್ತು ಅಡಿ ಮುಟ್ಟಿತೆಂದರೆ ಕಡಿದು ಸಸಿ ನೆಡುತ್ತಾರೆ. ಮಕ್ಕಳಿಗೆ ಗಾಳಿಪಟದ ದಾರವನ್ನು ಅಂಗಡಿಯವನೇ ಅಳೆದು ಕೊಡುತ್ತಾನೆ. ಹಾಗಾದರೆ ಮಳೆ ಹೇಗೆ ಬರುತ್ತದೆ ಎಂದು ಆಕಾಶ ಬಳಗದವರು ಮೂರು ಭಾನುವಾರ ಚರ್ಚೆ ಮಾಡಿದರು. ನಾಲ್ಕನೇ ಭಾನುವಾರ ಮಳೆ ಬಂದದ್ದರಿಂದ ಸಭೆ ಸೇರಲಿಲ್ಲ. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ.

ಬೇರೆ ಊರುಗಳ ಹೊರವಲಯದಲ್ಲಿ ಕಸದ ಗುಡ್ಡಗಳಿರುತ್ತವಂತೆ. ನಮ್ಮೂರಿಗೆ ಅದು ಗೊತ್ತಿಲ್ಲ. ಮಿಲ್ಲಿನ ಚಿಮಣಿಗೆ ಸುತ್ತಿಕೊಂಡ ಕಬ್ಬಿಣದ ಮೆಟ್ಟಿಲಿದೆ, ಮೆಟ್ಟಿಲ ಕೊನೆಗೆ ಒಂದು ಕಟ್ಟೆಯಿದೆ. ಅಲ್ಲಿ ನಿಂತು ನಮ್ಮ ಕೇರಿಯವರು ಊರಿನ ಕಸವನ್ನೆಲ್ಲ ಉದ್ದ ಹಿಡಿಕೆಯ ಸಲಿಕೆಯಿಂದ ಗೆರೆಯಾಚೆ ಎಸೆಯುತ್ತಾರೆ. ಬಾಳೆ ಎಲೆ, ಹರಿದ ಚಾಪೆ, ಸತ್ತ ನಾಯಿ, ಎಲ್ಲವೂ ಮೇಲೆ ಹೋಗುತ್ತವೆ, ಚುಕ್ಕೆಯಾಗುತ್ತವೆ, ಇಲ್ಲವಾಗುತ್ತವೆ. ಊರು ಕನ್ನಡಿಯ ಹಾಗಿದೆ ಎಂದು ಬಂದ ನೆಂಟರೆಲ್ಲ ಹೊಗಳಿ ಹೋಗುತ್ತಾರೆ. ಆ ಕಟ್ಟೆಯ ಮೇಲೆ ನೆಟ್ಟಗೆ ನಿಂತರೆ ಗೆರೆ ಕುತ್ತಿಗೆಗೆ ಬರುತ್ತದೆ, ತಲೆಗೂದಲು ಸೆಟೆದು ಮೇಲಕ್ಕೆ ನಿಲ್ಲುತ್ತದೆ. ಆದ್ದರಿಂದ ಬೆನ್ನು ಬಗ್ಗಿಸಿಯೇ ದುಡಿಯಬೇಕು. ಮೈಮರೆತು ಸಲಿಕೆಯೊಂದಿಗೆ ಒಂದು ಮೊಳ ಎದ್ದರೆ ಸಾಕು, ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಸೊಂಟಕ್ಕೆ ಕಟ್ಟಿಕೊಳ್ಳಲು ಹಗ್ಗ ಕೊಡಿ ಎಂದು ಕೇರಿಯವರು ಕೊಟ್ಟ ಅರ್ಜಿಗಳಿಗೆ ಕಸದ ಕಚೇರಿ ಒಂದೇ ಉತ್ತರ ಬರೆಯುತ್ತಿತ್ತು: ಹಗ್ಗದಿಂದ ಕೆಲಸದ ವೇಗ ಕುಂದುತ್ತದೆ.

ಹನ್ನೊಂದು ವರ್ಷದಲ್ಲಿ ಆ ಕಟ್ಟೆಯಿಂದ ಐದು ಜನ ಓಡಿಹೋದರು. ಕಚೇರಿಯ ಪುಸ್ತಕದಲ್ಲಿ ಹಾಗೆಯೇ ಬರೆದಿದೆ: ಹೇಳದೆ ಕೇಳದೆ ಕೆಲಸ ಬಿಟ್ಟು ಹೋದವರು. ಐದನೆಯವನು ನನ್ನ ಅಕ್ಕ ಹುಲಿಗೆವ್ವನ ಗಂಡ ದುರುಗಪ್ಪ. ಬಳೆ ಮಾರುವವಳ ಜೊತೆ ಹೋದನೆಂದು ಮೇಸ್ತ್ರಿ ಹೇಳಿದ. "ಚಪ್ಪಲಿ ಮೆಟ್ಟಿಲ ಬುಡದಾಗ ಬಿಟ್ಟು ಯಾವ ಗಂಡಸು ಓಡಿಹೋಗ್ತಾನಲೇ ಅಂಬಣ್ಣ?" ಎಂದು ಅಕ್ಕ ನನ್ನನ್ನು ಕೇಳಿದಳು. ನಾನು ಓದಿದವನು. ಕೇರಿಯಲ್ಲಿ ಹತ್ತನೇ ತರಗತಿ ಮುಟ್ಟಿದ ಮೊದಲಿಗ. ಕಚೇರಿಗೆ ಹೋಗಿ ಪುಸ್ತಕ ನೋಡಿ ಬಂದು, "ದಾಖಲೆ ಐತಿ ಅಕ್ಕಾ, ಸಹಿ ಐತಿ, ಮೊಹರು ಐತಿ" ಎಂದೆ. ಅವಳು ಆ ಚಪ್ಪಲಿಗಳನ್ನು ಒಲೆಗೆ ಹಾಕಿದಳು. ಮರುವಾರ ಅವನ ಜಾಗಕ್ಕೆ ಅವಳೇ ಸಲಿಕೆ ಹಿಡಿದು ಮೆಟ್ಟಿಲು ಹತ್ತಿದಳು.

ಇನ್ನು ಬಳಗದ ವಿಷಯ. ಅಂತರಿಕ್ಷ ಅನ್ವೇಷಣಾ ಆಸಕ್ತರ ಬಳಗವೆಂಬುದು ಅದರ ಪೂರ್ತಿ ಹೆಸರು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಾಚನಾಲಯದ ಮೇಲಿನ ಕೋಣೆಯಲ್ಲಿ ಸಭೆ. ವಕೀಲ ಶೇಷಗಿರಿ ದೇಸಾಯರು ಅಧ್ಯಕ್ಷರು. ನಿವೃತ್ತ ವಿಜ್ಞಾನ ಶಿಕ್ಷಕ ಗುರುಬಸಯ್ಯ ಮಾಸ್ತರರು ದೂರದರ್ಶಕದ ಒಡೆಯರು. ಉಳಿದವರು ಹದಿನೆಂಟು ಜನ, ಎಲ್ಲರೂ ಪೇಟೆಯ ಮರ್ಯಾದಸ್ಥರು. ಇಪ್ಪತ್ತೊಂದನೆಯವನು ನಾನು. ವಾಚನಾಲಯದ ಕಸ ಗುಡಿಸುತ್ತಾ ಅಲ್ಲಿಯ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದನ್ನು ಕಂಡ ಮಾಸ್ತರರು ನನ್ನನ್ನು ಮೇಲಕ್ಕೆ ಕರೆದರು. ಅಚ್ಚಿನಂಥ ಅಕ್ಷರವೆಂದು ನಡಾವಳಿ ಬರೆಯುವ ಕೆಲಸ ಕೊಟ್ಟರು. ಆ ಕೋಣೆಯಲ್ಲಿ ಕುಳಿತಷ್ಟು ಹೊತ್ತು ನನಗೆ ನನ್ನ ಕೇರಿ ಮರೆತುಹೋಗುತ್ತಿತ್ತು. ಅದನ್ನು ಮರೆಸಿದವರಿಗೆ ಕೈಮುಗಿಯುತ್ತಿದ್ದೆ. ಇದನ್ನು ಇವತ್ತು ಬರೆಯುವಾಗ ಕೈ ಸುಡುತ್ತದೆ.

ಬಳಗದ ಹೆಮ್ಮೆಯೆಂದರೆ ಐದು ಕಾಯಗಳು. ಕಸವೆಲ್ಲ ಮೇಲಕ್ಕೆ ಹೋಗಿ ಕಾಣದಾಗುತ್ತಿತ್ತು, ನಿಜ. ಆದರೆ ಸಾವಿರ ಅಡಿಗೂ ಮೇಲೆ ಐದು ಕಪ್ಪು ಬೊಟ್ಟುಗಳು ಹಗಲಲ್ಲೂ ನಿಂತಲ್ಲೇ ನಿಂತಿದ್ದವು. ಅವೇಕೆ ಅಲ್ಲಿ ನಿಂತವೋ ಆಗಲೂ ಯಾರಿಗೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಒಂದೊಂದು ಕಂಡಾಗಲೂ ಬಳಗದವರು ಅದಕ್ಕೆ ತಮ್ಮಲ್ಲೊಬ್ಬರ ಹೆಸರಿಡುತ್ತಿದ್ದರು. ಪೇಢೆ ಹಂಚಿ, ಶಾಲು ಹೊದಿಸಿ, ಚೌಕಟ್ಟು ಹಾಕಿದ ಪತ್ರ ಕೊಡುವುದು ಪದ್ಧತಿ. ದೇಸಾಯಿ ಒಂದು. ಗುರುಬಸವ ಎರಡು. ಮೂರು, ನಾಲ್ಕು ಔಷಧಿ ಅಂಗಡಿಯವರಿಗೂ ಅಕ್ಕಿ ಗಿರಣಿಯವರಿಗೂ ಹೋದವು. ಮಾಸ್ತರರು ಬೂಷ್ಟು ಹಿಡಿದ ಗಾಜಿಗೆ ಕಣ್ಣಿಟ್ಟು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ: "ಉದ್ದನೆಯ ಕಾಯ. ಒಂದು ತುದಿ ದುಂಡಗೆ. ನಾಲ್ಕು ಚಾಚುಗಳು." ನಾನೂ ಆ ಗಾಜಿನಲ್ಲಿ ನೋಡಿದ್ದೆ. ನಾಲ್ಕು ಚಾಚುಗಳನ್ನು ಎಣಿಸಿದ್ದೆ. ಓದಿದ ಕಣ್ಣುಗಳಿಗೆ ಅದು ಆಕಾಶಕಾಯವಾಗಿಯೇ ಕಂಡಿತು.

ಐದನೆಯದಕ್ಕೆ ಅವರು ನನ್ನ ಹೆಸರಿಟ್ಟರು. ಅಂಬಣ್ಣ ಐದು. ಭಾವ ಓಡಿಹೋಗಿ ಮೂರು ತಿಂಗಳಾಗಿತ್ತು, ಮನೆಯಲ್ಲಿ ನಗು ಎಂಬುದೇ ಇರಲಿಲ್ಲ. ಆ ಪತ್ರವನ್ನು ಎದೆಗವಚಿಕೊಂಡು ಕೇರಿಗೆ ಓಡಿದೆ. ಅಕ್ಕ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅದನ್ನು ಇಸಿದುಕೊಂಡಳು. "ಮ್ಯಾಲ ನಿನ್ನ ಹೆಸರೈತೇನ? ನಮ್ಮ ಕೇರಿ ಹೆಸರು ಮ್ಯಾಲೈತೇನ?" ಎಂದು ಎರಡು ಸಲ ಕೇಳಿ, ಗೋಡೆಗೆ ಮೊಳೆ ಹೊಡೆದಳು. ಆರು ವರ್ಷ ಆ ಪತ್ರದ ಕೆಳಗೆ ಕುಳಿತು ನಾವು ರೊಟ್ಟಿ ತಿಂದೆವು.

ಈ ವರ್ಷ ಬಳಗಕ್ಕೆ ಇಪ್ಪತ್ತೈದು ತುಂಬಿತು. ಒಬ್ಬ ಮನುಷ್ಯನನ್ನು ಹಗ್ಗ ಕಟ್ಟಿ ಕಾಯಗಳ ತನಕ ಕಳಿಸಿ ಮರಳಿ ಎಳೆಯಬೇಕೆಂದು ದೇಸಾಯರು ಸಭೆಯಲ್ಲಿ ಹೇಳಿದರು. ಚಪ್ಪಾಳೆ ನಿಲ್ಲಲೇ ಇಲ್ಲ. ಯಾರು ಹೋಗುವವರು ಎಂಬ ಮಾತು ಬಂದಾಗ ಮಾತ್ರ ಫ್ಯಾನಿನ ಸದ್ದು ಕೇಳಿಸಿತು. ಒಬ್ಬರಿಗೆ ಮಗಳ ಲಗ್ನ, ಒಬ್ಬರಿಗೆ ಮಂಡಿನೋವು. ದೇಸಾಯರು ಕನ್ನಡಕ ಒರೆಸುತ್ತಾ ನನ್ನ ಕಡೆ ತಿರುಗಿದರು. "ಅಂಬಣ್ಣಾ, ನನಗಂತೂ ಬಿ.ಪಿ. ಅದ. ನಿಮ್ಮ ಮಂದಿಗೆ ಗೆರಿ ಅಂದ್ರ ಅಂಗಳ ಇದ್ದಂಗ. ಯಾರಾದ್ರೂ ಹಗೂರ ಇದ್ದವರನ್ನ ನೋಡಪಾ. ಇತಿಹಾಸದಾಗ ಹೆಸರು ಉಳೀತದ." ನಾನು ಖುಷಿಯಿಂದಲೇ ಅದನ್ನೂ ನಡಾವಳಿಯಲ್ಲಿ ಬರೆದುಕೊಂಡೆ.

ಅಕ್ಕ ಒಪ್ಪಿದಳು. ನಲವತ್ತೆರಡು ಕಿಲೋ ತೂಗುತ್ತಿದ್ದಳು, ಅದು ಅವರಿಗೆ ಬಹಳ ಹಿಡಿಸಿತು. "ಹೆದರಿಕಿ ಇಲ್ಲೇನ ಅಕ್ಕಾ?" ಎಂದೆ. "ಆರು ವರ್ಷ ಹಗ್ಗ ಇಲ್ಲದ ನಿಂತಾಕಿ ನಾನು. ಈಗ ಹಗ್ಗ ಕಟ್ಟಿ ಕಳಸ್ತಾರಂತ, ಹೆದರೂದೇನೈತಿ? ನಿನ್ನ ಹೆಸರಿಂದು ಹೆಂಗೈತಿ ಕಣ್ತುಂಬ ನೋಡಿ ಬರ್ತೀನಿ," ಎಂದು ನನ್ನ ಕೆನ್ನೆ ತಟ್ಟಿದಳು.

ಭಾನುವಾರ ಬೆಳಿಗ್ಗೆ ಮಿಲ್ಲಿನ ಬಯಲಲ್ಲಿ ಶಾಮಿಯಾನ, ಬ್ಯಾಂಡು, ಇನ್ನೂರು ಕುರ್ಚಿ. ಕುರ್ಚಿಗಳ ಹಿಂದೆ ಬಿದಿರಿನ ಅಡ್ಡಗಟ್ಟು, ಅದರಾಚೆ ನಮ್ಮ ಕೇರಿ. ನೆಲದ ಮೇಲೆ ದೊಡ್ಡ ರಾಟೆ, ಅದಕ್ಕೆ ನಾಲ್ಕು ಜನ ಕೂಲಿಗಳು. ಹಗ್ಗ ರಾಟೆಯಿಂದ ಕಟ್ಟೆಯ ಗಾಲಿಯ ಮೂಲಕ ಅಕ್ಕನ ಸೊಂಟಕ್ಕೆ. ಹಗ್ಗದ ಜೊತೆ ಒಂದು ತಂತಿ, ತಂತಿಯ ಎರಡು ತುದಿಗೆ ಮಾತಾಡುವ ಯಂತ್ರ. ಅವಳ ಭಾಷೆ ತಮಗೆ ತಿಳಿಯದೆಂದು ಅದನ್ನು ನನ್ನ ಕಿವಿಗೆ ಕೊಟ್ಟಿದ್ದರು. ಅವಳು ಹೇಳಿದ್ದನ್ನು ನಾನು ಶುದ್ಧ ಮಾಡಿ ಮೈಕಿನಲ್ಲಿ ಹೇಳಬೇಕು.

ಕೊಕ್ಕೆ ಹಿಡಿದು ಅಕ್ಕ ಕಟ್ಟೆಯ ಮೇಲೆ ನೆಟ್ಟಗೆ ನಿಂತಳು. ಆರು ವರ್ಷದಲ್ಲಿ ಮೊದಲ ಸಲ. ಕೂದಲು ಮೇಲೆದ್ದಿತು, ಆಮೇಲೆ ಭುಜ, ಆಮೇಲೆ ಇಡೀ ಹೆಂಗಸು ತಲೆಕೆಳಗಾಗಿ ಆಕಾಶಕ್ಕೆ ಬಿದ್ದಳು. ಜನ ಹೋ ಎಂದರು. ರಾಟೆ ಬಿಚ್ಚಿಕೊಳ್ಳುತ್ತಾ ಹೋಯಿತು. "ಅಂಬಣ್ಣ, ಊರು ನನ್ನ ತಲಿ ಮ್ಯಾಲ ಬಂದೈತಿ ನೋಡಲೇ. ಊರಿಗೆ ನೇತುಬಿದ್ದಂಗ ಆಗೈತಿ," ಎಂದು ನಕ್ಕಳು. ನಾನದನ್ನು ಶುದ್ಧ ಮಾಡಿ ಹೇಳಿದೆ. ಚಪ್ಪಾಳೆ. "ಶೆಟ್ಟರ ಮನಿ ಊಟದ ಎಲಿ ನನ್ನ ದಾಟಿ ಹೋದ್ವು, ಪಾಯಸ ಹಂಗ ಐತಿ." ಅದನ್ನು ಹೇಳಲಿಲ್ಲ. ಹಗ್ಗದ ಗುರುತು ಸಾವಿರ ದಾಟಿತು. ರಾಟೆ ನಿಲ್ಲಿಸಿದರು.

ಬಹಳ ಹೊತ್ತು ಕಿವಿಯಲ್ಲಿ ಬರೀ ಗಾಳಿ. ಆಮೇಲೆ ಅವಳ ಉಸಿರು.

"ಅಂಬಣ್ಣ. ಇದು ಕಲ್ಲಲ್ಲ."

"ಏನೈತಿ ಅಕ್ಕಾ?"

"ಅಂಗಿ ಹಾಕ್ಯಾನ. ಕಸದ ಕಚೇರಿ ಖಾಕಿ ಅಂಗಿ. ಎವ್ವಾ, ನಮ್ಮ ಮೂಲಿಮನಿ ಕರಿಯಪ್ಪ ಇವ. ಒಣಗಿ ಕಟ್ಟಿಗಿ ಆಗ್ಯಾನ, ಆದ್ರ ಮಾರಿ ಹಂಗ ಐತಿ."

ನಾನು ಮೈಕನ್ನು ಬಾಯಿಂದ ಕೆಳಗಿಳಿಸಿದೆ. ಅವಳು ಕೊಕ್ಕೆಯಿಂದ ಒಬ್ಬೊಬ್ಬರನ್ನೇ ತನ್ನ ಕಡೆ ಎಳೆದುಕೊಂಡು ಹೇಳುತ್ತಾ ಹೋದಳು. ಸಣ್ಣ ಯಂಕೋಬ. ಇವ ತಾಯಪ್ಪ, ಕಿವಿಯಾಗ ಇನ್ನೂ ಒಂಟಿ ಐತಿ. ಮಾರೆಪ್ಪ, ಕೈಯಾಗಿನ ಸಲಿಕಿ ಬಿಟ್ಟಿಲ್ಲ. ಓಡಿಹೋದವರು. ಹೇಳದೆ ಕೇಳದೆ ಹೋದವರು. ಸಹಿ ಇದ್ದವರು, ಮೊಹರು ಬಿದ್ದವರು. ನಾನು ಬೆರಳು ಮಡಚುತ್ತಿದ್ದೆ. ನಾಲ್ಕಾಯಿತು. ಒಂದು ಬೆರಳು ಉಳಿದಿತ್ತು.

"ನಿನ್ನ ಹೆಸರಿಂದು ಸಿಕ್ತು," ಎಂದಳು ಅಕ್ಕ. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ಯಂತ್ರವನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು. "ನಿನ್ನ ಹೆಸರಿಲ್ಲಲೇ ಇದರ ಮ್ಯಾಲ. ಮುಂಗೈ ಮ್ಯಾಲ ಹಚ್ಚಿ ಹಾಕಿಸಿದ್ದೈತಿ. ನನ್ನ ಹೆಸರೈತಿ."

ದೇಸಾಯರು ನನ್ನ ಭುಜ ಅಲ್ಲಾಡಿಸಿದರು. "ಏನಂತಾಳ? ಮಂದಿ ಕಾಯ್ಲಿಕ್ಹತ್ಯಾರ." ನಾನು ಹೇಳಿದೆ. ಅವರ ಮುಖದ ಬಣ್ಣ ಇಳಿದದ್ದನ್ನು ಕಂಡೆ, ಮತ್ತೆ ಅಷ್ಟೇ ಬೇಗ ಏರಿದ್ದನ್ನೂ ಕಂಡೆ. ಮೈಕ್ ಕಿತ್ತುಕೊಂಡು ಅವರು ಕುರ್ಚಿಗಳ ಕಡೆ ತಿರುಗಿ, ಮದುವೆಮನೆಯ ದನಿಯಲ್ಲಿ ಹೇಳಿದರು: "ಬಂಧುಗಳೇ, ನಮ್ಮ ಯಾತ್ರಿ ಕಾಯಗಳನ್ನು ಮುಟ್ಟಿದ್ದಾಳೆ! ಅವು ಶಿಲೆಯೆಂದು ಖಚಿತವಾಗಿದೆ!" ಬ್ಯಾಂಡಿನವರು ಬಾರಿಸಿದರು. ದೇಸಾಯರು ಬಗ್ಗಿ ನನ್ನ ಕಿವಿಯಲ್ಲಿ, "ಎಳೀಲಿಕ್ಕೆ ಹೇಳು. ಇದೆಲ್ಲಾ ಸಭಾದಾಗ ಮಾತಾಡೋಣು. ನಡಾವಳಿ ನಾನಽ ಹೇಳಿ ಬರಸ್ತೀನಿ," ಎಂದರು.

ಶಿಲೆ! ಇಪ್ಪತ್ತೈದು ವರ್ಷ ಆಕಾಶವನ್ನೇ ನೋಡಿದ ಬಾಯಿಂದ, ಅಷ್ಟು ಸಲೀಸಾಗಿ. ನಾನು ಮೈಕಿಗೆ ಕೈಹಾಕಿದೆ. ಅವರು ಬಿಡಲಿಲ್ಲ. ಇನ್ನೂರು ಕುರ್ಚಿಯ ಮುಂದೆ ಅಧ್ಯಕ್ಷರೂ ನಡಾವಳಿ ಬರೆಯುವವನೂ ಮೈಕಿಗಾಗಿ ಜಗ್ಗಾಡಿದೆವು. ಕೊನೆಗೆ ನಾನು ಅದಕ್ಕೆ ಬಾಯಿಟ್ಟು ಕೂಗಿದೆ. "ದೇಸಾಯಿ ಒಂದು ಅಂತ ಪೇಢೆ ತಿಂದ್ರಲ್ಲ, ಅದು ಕರಿಯಪ್ಪ. ನಮ್ಮ ಮೂಲಿಮನಿ ಕರಿಯಪ್ಪ. ಗುರುಬಸವ ಎರಡು ಸಣ್ಣ ಯಂಕೋಬ." ಬ್ಯಾಂಡು ನಿಂತಿತು. "ಮೂರು ತಾಯಪ್ಪ. ನಾಕು ಮಾರೆಪ್ಪ. ಐದು ನನ್ನ ಭಾವ ದುರುಗಪ್ಪ. ಯಾರೂ ಓಡಿಹೋಗಿಲ್ಲ. ಎಲ್ಲರೂ ಅಲ್ಲೇ ಅದಾರ. ನಾವ ದಿನಾ ಗಾಜಿನಾಗ ನೋಡೀವಿ!" ಯಾರೋ ಮೈಕಿನ ತಂತಿ ಕಿತ್ತರು. ಆದರೆ ಅಷ್ಟು ಹೊತ್ತಿಗೆ ಮಾತು ಬಿದಿರಿನ ಅಡ್ಡಗಟ್ಟು ದಾಟಿಯಾಗಿತ್ತು. ಅಲ್ಲಿಂದ ಎದ್ದ ಸದ್ದು ಅಳುವಲ್ಲ. ನೆಲದೊಳಗೆ ಏನೋ ಮುರಿದಂಥ ಸದ್ದು. ತಾಯಪ್ಪನ ತಾಯಿ ಆ ಬಿದಿರನ್ನು ಹಲ್ಲಿನಿಂದ ಕಚ್ಚುತ್ತಿದ್ದಳು.

ಅದೇ ಹೊತ್ತಿಗೆ ರಾಟೆ ಚೀರಿತು. ಅಕ್ಕ ಗಂಡನನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡಿದ್ದಳು. ನಿಂತಲ್ಲೇ ನಿಂತಿದ್ದವನು ಅವಳ ಮೈಗೆ ತಗುಲಿದ್ದೇ ಭಾರವಾಗಿದ್ದ. ಒಬ್ಬಳ ಭಾರಕ್ಕೆ ಲೆಕ್ಕ ಹಾಕಿದ ರಾಟೆ, ಇಬ್ಬರ ಭಾರ ಮೇಲಕ್ಕೆ ಜಗ್ಗಿದಾಗ ಹಿಡಿಕೆ ತಪ್ಪಿಸಿಕೊಂಡು ಗಿರಗಿರ ತಿರುಗತೊಡಗಿತು. ನಾಲ್ವರು ಕೂಲಿಗಳು ಬಿದ್ದರು. ಉಳಿದ ಹಗ್ಗ ಮಾರುಮಾರು ಮೇಲೆ ಓಡುತ್ತಿತ್ತು. ಅದು ಮುಗಿದರೆ ಅಕ್ಕ ಆರನೆಯ ಕಾಯ.

ಎಲ್ಲರಿಗಿಂತ ಮೊದಲು ಹಗ್ಗಕ್ಕೆ ಕೈಹಾಕಿದವರು ಗುರುಬಸಯ್ಯ ಮಾಸ್ತರರು. ಎಪ್ಪತ್ತಾರು ವರ್ಷದ ಅಂಗೈಗಳ ಚರ್ಮ ಸುಲಿದು ಹಗ್ಗ ಕೆಂಪಾಯಿತು, ಬಿಡಲಿಲ್ಲ. "ನಾಕು ಚಾಚು ಅಂತ ನಾನಽ ಬರಸಿದ್ನಲ್ಲೋ, ನಾನಽ ಬರಸಿದ್ನಲ್ಲೋ," ಎಂದು ಬಡಬಡಿಸುತ್ತಿದ್ದರು. ನಾನೂ ಹಗ್ಗದ ಮೇಲೆ ಬಿದ್ದು ಹಿಡಿದೆ, ಕೂಲಿಗಳು ಎದ್ದು ಬಂದರು, ದೇಸಾಯರ ಕಾರಿನ ಚಾಲಕ ಬಂದ. ಹಗ್ಗ ನಿಧಾನಿಸಿತು, ನಿಲ್ಲಲಿಲ್ಲ.

"ಹೆಣ ಬಿಡು ಅಂತ ಹೇಳು ಆಕೀಗೆ!" ದೇಸಾಯರು ಕೂಗುತ್ತಿದ್ದರು. "ಬಿಟ್ರ ಬದುಕ್ತಾಳ, ಹೇಳು!"

ಅದು ನಿಜವೇ ಆಗಿತ್ತು. ಅದನ್ನೇ ಹೇಳಬೇಕೆಂದು ನಾನೂ ಯಂತ್ರವನ್ನು ಬಾಯಿಗೆ ಹಿಡಿದೆ. ಬಿಟ್ಟುಬಿಡು ಅಕ್ಕಾ, ಸತ್ತವನು ಸತ್ತ, ನೀನೊಬ್ಬಳಾದರೂ ಬಾ. ಮಾತು ನಾಲಿಗೆಯ ತುದಿಯಲ್ಲಿತ್ತು.

"ಎಷ್ಟು ಮಂದಿ ಹಿಡಿದೀರಿ?" ಎಂದಳು ಅವಳು.

"ಏಳು ಮಂದಿ. ಸಾಲಂಗಿಲ್ಲ ಅಕ್ಕಾ."

"ಸಾಲೂವಂಗ ಮಾಡು," ಎಂದಳು. "ಇವನ್ನ ಆರು ವರ್ಷ ಬೈದೀನಿ ನಾನು. ಬಿಡಂಗಿಲ್ಲ."

ಯಂತ್ರ ಬಿಸಾಕಿ ಅಡ್ಡಗಟ್ಟಿನ ಕಡೆ ತಿರುಗಿ ನಾನು ಕೂಗಿದ್ದು ಏನೆಂದು ನನಗೆ ನೆನಪಿಲ್ಲ. ಬಿದಿರು ಮುರಿಯಿತು. ಕೇರಿಗೆ ಕೇರಿಯೇ ಇನ್ನೂರು ಕುರ್ಚಿಗಳ ನಡುವೆ ಹಾದು ಬಂತು. ಯಾರು ಯಾರ ಮೈ ಮುಟ್ಟಿದರೋ, ಯಾರ ಜರಿ ಪಂಚೆ ಯಾರು ತುಳಿದರೋ. ಹೆಂಗಸರು ತಾವು ಹಾಸಿ ಕುಳಿತಿದ್ದ ಕೌದಿಗಳನ್ನು ಹೆಗಲಿಗೆಸೆದುಕೊಂಡು, ಅಕ್ಕನನ್ನು ಹಿಡಿಯಲು ಮೆಟ್ಟಿಲು ಹತ್ತಿ ಓಡಿದರು. ಗಂಡಸರು ಹಗ್ಗಕ್ಕೆ ಸಾಲಾದರು. ಕುರ್ಚಿಯಲ್ಲಿ ಕುಳಿತವರಲ್ಲೂ ಕೆಲವರು ಎದ್ದರು, ಸುಳ್ಳು ಹೇಳಲಾರೆ. ಔಷಧಿ ಅಂಗಡಿಯವರ ಹೆಂಡತಿ ಸೆರಗು ಬಿಗಿದು ಬಂದು ಮಾರೆಪ್ಪನ ಮಗನ ಹಿಂದೆ ಹಗ್ಗ ಹಿಡಿದಳು. ಗಂಡ, "ಏ, ಏನಿದು, ಬಾ ಇಲ್ಲಿ" ಎಂದಾಗ, "ಶಾಲು ಹೊದ್ದವರು ಬಂದು ಜಗ್ಗ್ರಿ ಮೊದಲು" ಎಂದಳು. ಹೆಚ್ಚಿನವರು ಮಾತ್ರ ಊಟದ ಹೊತ್ತಾಯಿತೆಂಬಂತೆ ಗಡಿಯಾರ ನೋಡಿಕೊಂಡು, ಗೇಟಿನ ಕಡೆ ಸರಿದರು.

ಹಗ್ಗ ನಿಂತಿತು. ಆಮೇಲೆ ಗೇಣು ಗೇಣಾಗಿ ನಮ್ಮ ಕಡೆ ಬಂತು. ಬಿಸಿಲು ನೆತ್ತಿಗೆ ಬಂತು. ಚುಕ್ಕೆಯೊಂದು ದೊಡ್ಡದಾಯಿತು, ಎರಡಾಯಿತು, ತಲೆಕೆಳಗಾಗಿ ತಬ್ಬಿಕೊಂಡ ಇಬ್ಬರು ಮನುಷ್ಯರಾಯಿತು. ಗೆರೆ ದಾಟಿದ ಕ್ಷಣ ಭಾರ ಮಗ್ಗಲು ಬದಲಿಸಿತು. ಹಗ್ಗದಲ್ಲಿ ಜೀವವೇ ಇಲ್ಲದ ಹಾಗಾಗಿ ನಾವು ಎಂಬತ್ತು ಜನ ಒಬ್ಬರ ಮೇಲೊಬ್ಬರು ಹಿಂದಕ್ಕೆ ಬಿದ್ದೆವು. ಮೇಲೆ ಕಟ್ಟೆಯಲ್ಲಿ ಕೌದಿಯೊಳಗೆ ಧೊಪ್ಪೆಂದು ಬಿದ್ದ ಸದ್ದು ಕೇಳಿತು, ಆಮೇಲೆ ಹೆಂಗಸರ ಕೂಗು.

ದುರುಗಪ್ಪನನ್ನು ಮೆಟ್ಟಿಲಿಳಿಸಿ ತಂದು ಶಾಮಿಯಾನದ ನೆರಳಲ್ಲಿ, ಅಧ್ಯಕ್ಷರ ವೇದಿಕೆಯ ಮೇಲೆಯೇ ಮಲಗಿಸಿದರು. ಬೇರೆ ಹಾಸಿಗೆಯ ಜಾಗ ಅಲ್ಲಿರಲಿಲ್ಲ. ಒಣಕಟ್ಟಿಗೆಯಂತೆ ಬಿರುಸಾಗಿದ್ದ. ಅಂಗೈ ಇನ್ನೂ ಏನನ್ನೋ ಹಿಡಿದುಕೊಳ್ಳಲು ಹೋದ ಹಾಗೆ ಮಡಚಿತ್ತು. ಅಕ್ಕ ಅಳಲಿಲ್ಲ. ಅವನ ಮುಖಕ್ಕೆ ಮೆತ್ತಿದ್ದ ಮಸಿಯನ್ನು ಉಗುಳು ಹಚ್ಚಿ ಸೆರಗಿನಿಂದ ಒರೆಸಿದಳು, ಶಾಲೆಗೆ ಹೊರಟ ಮಗುವಿಗೆ ಒರೆಸಿದಂತೆ. ಆಮೇಲೆ ಎದ್ದು, ಸೊಂಟದ ಹಗ್ಗ ಬಿಚ್ಚಿ, ಅದರ ತುದಿಯನ್ನು ಹಿಡಿದುಕೊಂಡು ದೇಸಾಯರ ಮುಂದೆ ನಿಂತಳು. ಅವರ ಹಿಂದೆ ಶಾಲು ಹೊದ್ದ ಇನ್ನಿಬ್ಬರು.

"ಇನ್ನ ನಾಕು ಮಂದಿ ಅದಾರಿ," ಎಂದಳು. "ಮೊದಲನೇದು ನಿಮ್ಮ ಹೆಸರಿಂದು."

ದೇಸಾಯರ ಕೈಗಳು ಹಿಂದಕ್ಕೆ ಹೋಗಿ ಬೆನ್ನ ಮೇಲೆ ಕಟ್ಟಿಕೊಂಡವು. ನನಗೆ ಆ ಇಡೀ ದಿನದಲ್ಲಿ ಅತಿ ಭಯಂಕರವಾಗಿ ಕಂಡದ್ದು ಅದೇ. ನಾನು ಗುರುವೆಂದು ಕೈಮುಗಿದ ಮನುಷ್ಯನೊಬ್ಬ ಹಗ್ಗದ ತುದಿಯನ್ನು ಹಾವು ನೋಡುವಂತೆ ನೋಡುತ್ತಿದ್ದ.

ಬಟ್ಟೆ ಸುತ್ತಿದ ಕೈಗಳನ್ನು ಮಾಸ್ತರರು ಹಗ್ಗಕ್ಕೆ ಚಾಚಿದರು. "ನಿಮ್ಮ ಕೈಯಾಗ ರಕ್ತ ಐತ್ರಿ, ಕುಂದರ್ರಿ," ಎಂದು ಅಕ್ಕ ಅವರನ್ನು ಕೂರಿಸಿದಳು. ನಾನು ಅಂಗಿ ಬಿಚ್ಚಿ ನಿಂತೆ. ಆರು ವರ್ಷ ಅವಳನ್ನು ದಾಖಲೆಯ ಮಾತಿನಲ್ಲಿ ನಂಬಿಸಿದ್ದು ನಾನು. ಬೇರೆಯವರು ಹೋಗುವುದು ಹೇಗೆ?

ಅವಳೇ ಕಟ್ಟಿದಳು. ಎರಡು ಸುತ್ತು, ಮೂರು ಗಂಟು. ಪ್ರತಿ ಗಂಟನ್ನೂ ಮಂಡಿಯೂರಿ ಜಗ್ಗಿ ನೋಡಿದಳು. ಹಗ್ಗದ ಇನ್ನೊಂದು ತುದಿಯಲ್ಲಿ ಎಂಬತ್ತು ಜನ ಮತ್ತೆ ಸಾಲಾಗುತ್ತಿದ್ದರು. ಅಕ್ಕ ಮಾತಾಡುವ ಯಂತ್ರವನ್ನು ತನ್ನ ಕಿವಿಗೆ ಸಿಕ್ಕಿಸಿಕೊಂಡು, ನನ್ನ ಎದೆಯ ಮೇಲೆ ಅಂಗೈ ಇಟ್ಟಳು.

"ಹೋಗು. ನೀ ಓಡಿಹೋದಿ ಅಂತ ಯಾರೂ ಬರಿಯಂಗಿಲ್ಲ. ನಾ ಇಲ್ಲೇ ಕುಂತೀನಿ."